ವಪೆಯ ಬಿರುಕು

ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯ ಹೆಸರನ್ನು ಬಲ್ಲ ಹೊರಗಿನವರಲ್ಲಿ ಬಹುಮಂದಿ ಅಲ್ಲಿನ ಪಂಚಲಿಂಗೇಶ್ವರ ದೇವಾಲಯವನ್ನು ನೋಡಲೆಂದು ಹೋದವರೇ ಆಗಿರುತ್ತಾರೆ. ಹದಿಮೂರನೆಯ ಶತಮಾನದಲ್ಲಿ, ಹೊಯ್ಸಳ ವೀರಸೋಮೇಶ್ವರನ ಆಳ್ವಿಕೆಯಲ್ಲಿ, ಐದು ಗರ್ಭಗೃಹಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಕಟ್ಟಿದ, ರೂವಾರಿ ಮಲ್ಲಿತಮ್ಮನ ಹೆಸರಿನೊಡನೆ ಕೂಡಿಬಂದಿರುವ ಆ ಪಂಚಕೂಟವು ಅಂಥ ಪ್ರಯಾಣಕ್ಕೆ ತಕ್ಕುದೂ ಹೌದು. ಆದರೆ ಕಬ್ಬು ಕಡಿಯುವ ಕಾಲದಲ್ಲಿ ಆ ಸೀಮೆಯ ದಾರಿ ಹಿಡಿದವನಿಗೆ ದೇವಾಲಯಕ್ಕಿಂತ ಮೊದಲು ಕಾಣುವುದು, ಚಕ್ರವೇ ಮರೆಯಾಗುವಂತೆ ಜಲ್ಲೆ ಹೇರಿಕೊಂಡು, ನಾಲೆಯ ಏರಿಯ ಮೇಲೆ ತೂಗಾಡುತ್ತ, ಕಾರ್ಖಾನೆಯ ಕಡೆಗೋ ಆಲೆಮನೆಯ ಕಡೆಗೋ ಸಾಗುವ ಟ್ರ್ಯಾಕ್ಟರು. ಈ ಅಧ್ಯಾಯದಲ್ಲಿ ಹೇಳಹೊರಟಿರುವ ವ್ಯಾಧಿಗೆ ದೇವಾಲಯದೊಡನೆ ಯಾವ ಸಂಬಂಧವೂ ಇಲ್ಲ, ಟ್ರ್ಯಾಕ್ಟರಿನೊಡನೆ ಉಂಟು.

ಅಂಥ ಊರಿನ ಒಬ್ಬ ನಡುವಯಸ್ಸಿನ ರೈತನನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಎಷ್ಟೋ ವರ್ಷಗಳ ಹಿಂದೆ ಕಬ್ಬಿನ ಟ್ರೈಲರು ಮಗುಚಿ ಅವನ ಎಡಮೈಯ ಮೇಲೆ ಬಿದ್ದಿತ್ತು. ಎರಡು ಪಕ್ಕೆಲುಬುಗಳು ಮುರಿದಿದ್ದವು. ಆಸ್ಪತ್ರೆಯಲ್ಲಿ ಕೆಲದಿನ ಮಲಗಿ, ಮನೆಗೆ ಬಂದು ಬೆಲ್ಲ ಬೆರೆಸಿದ ಹಾಲು ಕುಡಿದು, ಮುಂದಿನ ಹಂಗಾಮಿಗೆ ಮತ್ತೆ ಗದ್ದೆಗಿಳಿದ ಅವನು ಆ ಸಂಗತಿಯನ್ನು ಮರೆತೇಬಿಟ್ಟನು. ಈಗ ಅವನಿಗೆ ಊಟವಾದ ಮೇಲೆ ಎದೆ ಕಟ್ಟಿದಂತಾಗುತ್ತದೆ. ಬಗ್ಗಿ ಕಳೆ ಕೀಳುವಾಗ ಉಸಿರು ಸಾಲದು. ಎಡ ಹೆಗಲ ತುದಿಯಲ್ಲಿ, ಅಲ್ಲಿ ಏನೂ ಆಗಿರದಿದ್ದರೂ, ನೋವು. ಮೆಡಿಕಲ್ ಸ್ಟೋರಿನವನು ಅದನ್ನು ಗ್ಯಾಸ್ಟ್ರಿಕ್ ಎಂದನು, ಊರಿನ ಹಿರಿಯರು ವಾಯು ಎಂದರು, ಒಬ್ಬ ವೈದ್ಯರು ಉಬ್ಬಸವಿರಬಹುದೆಂದರು, ಮತ್ತೊಬ್ಬರು ಎದೆಯಲ್ಲಿ ನೀರು ತುಂಬಿರಬಹುದೆಂದು ಶಂಕಿಸಿದರು. ಈ ನಾಲ್ಕೂ ಮಾತುಗಳು ತಪ್ಪು. ಆದರೆ ಒಂದೂ ಅವಿವೇಕದ ಮಾತಲ್ಲ. ಅವನ ಎದೆಯಲ್ಲಿ ಇರಬಾರದ ವಸ್ತುವೊಂದು ಇದೆ. ಅದು ಅವನ ಜಠರ.

ಎದೆಗೂಡನ್ನೂ ಉದರವನ್ನೂ ಬೇರ್ಪಡಿಸುವ ಗುಮ್ಮಟಾಕಾರದ ಮಾಂಸಪಟಲಕ್ಕೆ ವಪೆ ಎಂದು ಹೆಸರು. ಇದರ ಅಂಚು ಎದೆಯೆಲುಬಿನ ತುದಿಗೂ, ಕೆಳಗಿನ ಆರು ಪಕ್ಕೆಲುಬುಗಳಿಗೂ, ಬೆನ್ನೆಲುಬಿನ ಸೊಂಟದ ಭಾಗಕ್ಕೂ ಬಿಗಿದುಕೊಂಡಿರುತ್ತದೆ. ನಡುವೆ ಮಾಂಸವಿಲ್ಲದೆ ಬರಿಯ ಬಿಳಿಯ ಸ್ನಾಯುರಜ್ಜುವಿನ ಹಾಳೆಯಿರುತ್ತದೆ. ಉಸಿರನ್ನು ಒಳಗೆಳೆದಾಗ ಈ ಗುಮ್ಮಟವು ಚಪ್ಪಟೆಯಾಗಿ ಕೆಳಗಿಳಿಯುತ್ತದೆ, ಬಿಟ್ಟಾಗ ಮೇಲೇರುತ್ತದೆ. ಕಮ್ಮಾರನ ತಿದಿಯಂತೆ ಶ್ವಾಸಕೋಶಗಳಿಗೆ ಗಾಳಿಯನ್ನು ಎಳೆದು ತುಂಬುವ ಕೆಲಸದಲ್ಲಿ ಬಹುಪಾಲು ಇದರದೇ. ಎಚ್ಚರದಲ್ಲಿ, ನಿದ್ರೆಯಲ್ಲಿ, ಮೂರ್ಛೆಯಲ್ಲಿ ಸಹ ಇದಕ್ಕೆ ವಿರಾಮವಿಲ್ಲ. ಹೃದಯದ ವಿಷಯದಲ್ಲಿ ಕವಿಗಳು ಬರೆದಿರುವುದರ ನೂರರಲ್ಲಿ ಒಂದು ಪಾಲನ್ನೂ ವಪೆಯ ವಿಷಯದಲ್ಲಿ ಬರೆದಿಲ್ಲವೆಂಬುದು ಅನ್ಯಾಯವೇ ಸರಿ.

ವಪೆಯು ಛಿದ್ರವಿಲ್ಲದ ಗೋಡೆಯಲ್ಲ. ಮೇಲಿನಿಂದ ಕೆಳಗೂ ಕೆಳಗಿನಿಂದ ಮೇಲೂ ಹಾಯಬೇಕಾದ ನಾಳಗಳಿಗಾಗಿ ಅದರಲ್ಲಿ ಮೂರು ದೊಡ್ಡ ದ್ವಾರಗಳಿವೆ: ಎದೆಯ ಎಂಟನೆಯ ಕಶೇರುಕದ ಮಟ್ಟದಲ್ಲಿ ಅಧೋಮಹಾಸಿರೆಗೆ ಒಂದು, ಹತ್ತನೆಯದರ ಮಟ್ಟದಲ್ಲಿ ಅನ್ನನಾಳಕ್ಕೆ ಒಂದು, ಹನ್ನೆರಡನೆಯದರ ಮಟ್ಟದಲ್ಲಿ ಮಹಾಪಧಮನಿಗೆ ಒಂದು. ಇನ್ನೊಂದು ವಿಚಿತ್ರವೂ ಉಂಟು. ಭ್ರೂಣಾವಸ್ಥೆಯಲ್ಲಿ ವಪೆಯ ಮೂಲದ್ರವ್ಯವು ಮೊದಲು ರೂಪುಗೊಳ್ಳುವುದು ಕುತ್ತಿಗೆಯ ಮಟ್ಟದಲ್ಲಿ. ದೇಹ ಬೆಳೆದಂತೆ ಅದು ಕೆಳಗೆ ಸರಿದು ತನ್ನ ಸ್ಥಾನವನ್ನು ಸೇರುತ್ತದೆ. ಆದರೆ ಬರುವಾಗ ತನ್ನ ನರವನ್ನೂ ಜೊತೆಗೆ ಎಳೆದು ತರುತ್ತದೆ. ಕುತ್ತಿಗೆಯ ಮೂರನೆಯ, ನಾಲ್ಕನೆಯ ಮತ್ತು ಐದನೆಯ ನರಮೂಲಗಳಿಂದ ಹೊರಟ ಆ ನರವು ಎದೆಯುದ್ದಕ್ಕೂ ಇಳಿದು ವಪೆಯನ್ನು ಮುಟ್ಟುತ್ತದೆ, ಮತ್ತು ಹೆಗಲಿನ ಚರ್ಮಕ್ಕೂ ಸ್ಪರ್ಶಜ್ಞಾನವು ಅದೇ ಮೂಲಗಳಿಂದ ಬರುವುದರಿಂದ, ವಪೆಯಲ್ಲಿ ಹುಟ್ಟಿದ ವೇದನೆಯನ್ನು ಮೆದುಳು ಹೆಗಲಿನದೆಂದೇ ಭ್ರಮಿಸುತ್ತದೆ. ನಮ್ಮ ರೈತನ ಹೆಗಲು ನೋವಿಗೆ ಎಣ್ಣೆ ನೀವಿಸಿಕೊಂಡು ಪ್ರಯೋಜನವಾಗದಿದ್ದುದು ಈ ಕಾರಣದಿಂದ.

ಒಂದು ಅಂಗವು ತನ್ನ ಕೋಣೆಯ ಗೋಡೆಯಲ್ಲಿನ ಬಿರುಕಿನಿಂದ ಹೊರಗೆ ಚಾಚುವುದನ್ನು ಹರ್ನಿಯಾ ಎನ್ನುತ್ತಾರೆ. ತೊಡೆಸಂದಿನಲ್ಲಿಯೋ ಹೊಕ್ಕುಳಲ್ಲಿಯೋ ಆದರೆ ಗಂಟು ಕಣ್ಣಿಗೆ ಬೀಳುತ್ತದೆ, ಕೈಗೆ ಸಿಕ್ಕುತ್ತದೆ, ರೋಗಿಯೇ ವೈದ್ಯನಿಗೆ ತೋರಿಸುತ್ತಾನೆ. ವಪೆಯ ಹರ್ನಿಯಾಗೆ ಹೊರಗಣ ಕುರುಹೇ ಇಲ್ಲ. ಅದು ಒಳಗಿನಿಂದ ಒಳಕ್ಕೇ, ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ನಡೆಯುವ ಅತಿಕ್ರಮಣ. ಬಲಗಡೆ ಯಕೃತ್ತು ವಪೆಗೆ ಒತ್ತಾಗಿ ನಿಂತು ಬಿರುಕನ್ನು ಮುಚ್ಚಿಕೊಳ್ಳುವುದರಿಂದ, ಪೆಟ್ಟಿನಿಂದಾಗುವ ಇಂಥ ಹರ್ನಿಯಾಗಳಲ್ಲಿ ನಾಲ್ಕರಲ್ಲಿ ಸುಮಾರು ಮೂರು ಎಡಗಡೆಯಲ್ಲಿ ಕಾಣಬರುತ್ತವೆ. ಜಠರ, ದೊಡ್ಡಕರುಳು, ಗುಲ್ಮ ಇವು ಎಡಗಡೆಯಿಂದಲೇ ಮೇಲೇರುತ್ತವೆ.

ಕೈಗೆ ಕೊಯ್ದುಕೊಂಡರೆ ಗಾಯ ಮಾಯುತ್ತದೆ. ವಪೆಯ ಗಾಯವೇಕೆ ತಾನಾಗಿ ಮಾಯದು ಎಂದು ವಾಚಕರು ಕೇಳಬಹುದು. ಕಾರಣ ಎರಡು. ಉದರದ ಒಳಗಣ ಒತ್ತಡವು ಎದೆಯ ಒತ್ತಡಕ್ಕಿಂತ ಸಾಮಾನ್ಯವಾಗಿ ಹೆಚ್ಚು. ಸುಮ್ಮನೆ ಕುಳಿತಿರುವಾಗ ಈ ಅಂತರವು ನೀರಿನ ಕಂಬದ ಲೆಕ್ಕದಲ್ಲಿ 7ರಿಂದ 20 ಸೆಂಟಿಮೀಟರಿನಷ್ಟಿದ್ದರೆ, ಮೂಟೆಯನ್ನೆತ್ತುವಾಗ ಬಿಗಿಹಿಡಿದು ಉಸಿರೆಳೆದುಕೊಂಡಲ್ಲಿ 100 ಸೆಂಟಿಮೀಟರನ್ನು ಮುಟ್ಟಬಹುದು. ಆದುದರಿಂದ ಬಿರುಕು ಎಷ್ಟೇ ಕಿರಿದಾಗಿರಲಿ, ಕೆಳಗಿನದು ಮೇಲಕ್ಕೆ ಹೀರಲ್ಪಡುವುದು ಸಹಜ, ಮತ್ತು ಅದರೊಳಗೆ ಒಂದು ಎಳೆ ಕೊಬ್ಬು ಸಿಕ್ಕಿಕೊಂಡರೂ ಅಂಚುಗಳು ಒಂದನ್ನೊಂದು ಮುಟ್ಟವು. ಎರಡನೆಯ ಕಾರಣ ವಪೆಯ ಅವಿಶ್ರಾಂತ ಚಲನೆ. ಮನುಷ್ಯನು ಒಂದು ಹಗಲಿರುಳಿನಲ್ಲಿ 21,600 ಬಾರಿ ಉಸಿರಾಡುವನೆಂದು ನಮ್ಮ ಯೋಗಗ್ರಂಥಗಳು ಗಣಿಸಿವೆ. ನಿಮಿಷಕ್ಕೆ ಹದಿನೈದರಂತೆ ಗುಣಿಸಿದರೆ ಇಂದಿನ ಶರೀರಶಾಸ್ತ್ರಜ್ಞನೂ ಆ ಸಂಖ್ಯೆಗೆ ಆಕ್ಷೇಪಣೆ ಮಾಡಲಾರನು. ದಿನಕ್ಕೆ ಅಷ್ಟು ಬಾರಿ ಎಳೆಯಲ್ಪಡುವ ಗಾಯವು ಕೂಡಿಕೊಳ್ಳುವುದೆಂತು?

ಈ ವ್ಯಾಧಿಯ ಚರಿತ್ರೆಯಲ್ಲಿ ಮರೆಯಲಾಗದ ರೋಗಿಯೊಬ್ಬನಿದ್ದಾನೆ. ಹದಿನಾರನೆಯ ಶತಮಾನದ ಫ್ರಾನ್ಸಿನಲ್ಲಿ ಕ್ಷೌರಿಕನ ಕಸುಬಿನಿಂದ ಮೇಲೆದ್ದು, ನಾಲ್ವರು ಅರಸರಿಗೆ ಶಸ್ತ್ರವೈದ್ಯನಾಗಿದ್ದ ಆಂಬ್ರೋಸ್ ಪಾರೆ ಎಂಬ ಮಹನೀಯನು 1579ರಲ್ಲಿ ಒಬ್ಬ ಫಿರಂಗಿದಳದ ಕ್ಯಾಪ್ಟನ್ನನ ವೃತ್ತಾಂತವನ್ನು ಪ್ರಕಟಿಸಿದನು. ಕ್ಯಾಪ್ಟನ್ನನ ಮೈಯೊಳಗೆ ಗುಂಡು ಹೊಕ್ಕಿತ್ತು. ಹೊರಗಿನ ಗಾಯ ಮಾಯಿತು. ಅವನು ಬದುಕಿಕೊಂಡನೆಂದೇ ಎಲ್ಲರೂ ಭಾವಿಸಿದರು. ಆದರೆ ಆಮೇಲೆ ಅವನನ್ನು ಹೊಟ್ಟೆಶೂಲೆ ಬಿಡದೆ ಕಾಡಿತು, ಮತ್ತು ಎಂಟು ತಿಂಗಳ ತರುವಾಯ ಅವನು ಅದರಿಂದಲೇ ಸತ್ತನು. ಶವವನ್ನು ತೆರೆದು ನೋಡಿದಾಗ ದೊಡ್ಡಕರುಳಿನ ಒಂದು ಭಾಗವು ವಪೆಯ ರಂಧ್ರದ ಮೂಲಕ ಎದೆಯೊಳಗೆ ಏರಿ, ಕತ್ತು ಹಿಸುಕಿದಂತಾಗಿ, ಕೊಳೆತಿತ್ತು. ಅಷ್ಟಕ್ಕೆಲ್ಲ ಕಾರಣವಾದ ರಂಧ್ರವು ಕಿರುಬೆರಳಿನ ತುದಿ ಕಷ್ಟದಿಂದ ಹೊಗುವಷ್ಟಿತ್ತು. ದೊಡ್ಡ ಬಿರುಕಿಗಿಂತ ಸಣ್ಣದು ಅಪಾಯಕರವೆಂಬ ಪಾಠವನ್ನು ಪಾರೆಯ ಈ ಕ್ಯಾಪ್ಟನ್ನನು ವೈದ್ಯರಿಗೆ ತನ್ನ ಪ್ರಾಣ ತೆತ್ತು ಕಲಿಸಿದನು. ವಿಶಾಲವಾದ ದ್ವಾರದಲ್ಲಿ ಕರುಳು ಹೋಗಿಬಂದು ಮಾಡುತ್ತದೆ, ಕಿರಿದಾದುದರಲ್ಲಿ ಹೋದದ್ದು ಹಿಂದಿರುಗದು. ಶ್ರೀರಂಗಪಟ್ಟಣದ ಕೋಟೆಯ ಸುತ್ತ ಗುಂಡು ಬಯೊನೆಟ್ಟುಗಳಿಂದ ಎದೆಗೆ ಗಾಯಗೊಂಡು, ಯುದ್ಧದಲ್ಲಿ ಸಾಯದೆ ಮನೆಗೆ ಮರಳಿ, ಆಮೇಲೆ ಹೊಟ್ಟೆಶೂಲೆಯಿಂದ ಸತ್ತ ಸಿಪಾಯಿಗಳು ಇದ್ದಿರಲಾರರೆ ಎಂಬ ಯೋಚನೆ ನನಗೆ ಬಾರದೆ ಇಲ್ಲ. ಅವರ ಶವಗಳನ್ನು ತೆರೆದು ನೋಡುವ ಪಾರೆ ಮಾತ್ರ ಅಲ್ಲಿರಲಿಲ್ಲ.

ಸತ್ತ ಮೇಲೆ ತಿಳಿಯುವ ರೋಗವು ಬದುಕಿರುವಾಗಲೇ ತಿಳಿಯುವಂತಾಗಲು ಇನ್ನೂರೆಪ್ಪತ್ತು ವರ್ಷಗಳೇ ಹಿಡಿದವು. ಬಾಸ್ಟನ್ನಿನ ಹೆನ್ರಿ ಬೌಡಿಚ್ ಎಂಬ ವೈದ್ಯನು 1853ರಲ್ಲಿ, ಎಕ್ಸ್-ರೇ ಎಂಬುದು ಇನ್ನೂ ಕನಸಿನಲ್ಲಿಯೂ ಇಲ್ಲದಿದ್ದ ಕಾಲದಲ್ಲಿ, ಕಣ್ಣು ಕಿವಿ ಬೆರಳುಗಳಿಂದಲೇ ಇದನ್ನು ಗುರುತಿಸುವ ಲಕ್ಷಣಗಳನ್ನು ಪಟ್ಟಿಮಾಡಿದನು: ಎಡ ಎದೆಯು ಉಬ್ಬಿಕೊಂಡು ಉಸಿರಿನೊಡನೆ ಅಲುಗದಿರುವುದು, ಹೃದಯದ ಬಡಿತವು ಬಲಕ್ಕೆ ಸರಿದಿರುವುದು, ಎಡಗಡೆಯಲ್ಲಿ ಶ್ವಾಸದ ಸದ್ದು ಕೇಳದಿರುವುದು, ಬೆರಳಿನಿಂದ ತಟ್ಟಿದರೆ ಟೊಳ್ಳುನಾದ ಬರುವುದು, ಎಲ್ಲಕ್ಕೂ ಮಿಗಿಲಾಗಿ ಎದೆಯೊಳಗೆ ಕರುಳಿನ ಗುಳುಗುಳು ಶಬ್ದ ಕೇಳಿಬರುವುದು. ಸ್ಟೆತಾಸ್ಕೋಪು ಮಾತ್ರ ಇರುವ ಪ್ರಾಥಮಿಕ ಆರೋಗ್ಯಕೇಂದ್ರದ ವೈದ್ಯರಿಗೆ ಈ ಪಟ್ಟಿ ಇಂದಿಗೂ ಸಲ್ಲುತ್ತದೆ. ಜೀವಂತ ರೋಗಿಯ ಹರಿದ ವಪೆಯನ್ನು ಹೊಲಿದು ಯಶಸ್ವಿಯಾದ ಮೊದಲಿಗನು ಇಟಲಿಯ ರಿಯೋಲ್ಫಿ, 1886ರಲ್ಲಿ. ಅದಾದ ಒಂಬತ್ತು ವರ್ಷಕ್ಕೆ ರಾಂಟ್‌ಜನ್ನನ ಎಕ್ಸ್-ರೇ ಕಿರಣಗಳು ಬಂದವು.

ಪೆಟ್ಟಿಲ್ಲದೆಯೂ ವಯಸ್ಕರಲ್ಲಿ ಈ ಹರ್ನಿಯಾ ಕಾಣುವುದುಂಟು. ಭ್ರೂಣದಲ್ಲಿ ವಪೆಯ ತುಂಡುಗಳು ಕೂಡಿಕೊಳ್ಳುವಾಗ ಎಲ್ಲೋ ಒಂದು ಸಂದು ಮುಚ್ಚದೆ ಉಳಿದರೆ, ಮತ್ತು ಅದು ಶಿಶುವಿನ ಪ್ರಾಣಕ್ಕೆ ಕುತ್ತಾಗುವಷ್ಟು ದೊಡ್ಡದಾಗಿರದಿದ್ದರೆ, ಆ ಮನುಷ್ಯನು ಅದನ್ನು ಹೊತ್ತುಕೊಂಡೇ ಬೆಳೆದು ದೊಡ್ಡವನಾಗುತ್ತಾನೆ. ಹಿಂಬದಿಯ ಸಂದಿಗೆ, ಪ್ರಾಗ್ ನಗರದಲ್ಲಿ ಅಂಗರಚನಾಶಾಸ್ತ್ರವನ್ನು ಬೋಧಿಸುತ್ತಿದ್ದು 1848ರಲ್ಲಿ ಅದನ್ನು ವಿವರಿಸಿದ ಬೊಖ್ಡಾಲೆಕ್‌ನ ಹೆಸರೂ, ಎದೆಯೆಲುಬಿನ ಹಿಂದಣ ಸಂದಿಗೆ ಹದಿನೆಂಟನೆಯ ಶತಮಾನದ ಇಟಲಿಯ ಮೊರ್ಗಾನಿಯ ಹೆಸರೂ ನಿಂತಿವೆ. ಹೆಂಗಸರಲ್ಲಿ ಬಸಿರಿನ ಕೊನೆಯ ತಿಂಗಳುಗಳಲ್ಲಿ, ಗರ್ಭಕೋಶವು ಕರುಳನ್ನು ಮೇಲಕ್ಕೆ ಒತ್ತಿದಾಗ, ಇಂಥ ಹಳೆಯ ಸಂದು ಮೊದಲ ಬಾರಿಗೆ ತನ್ನ ಇರವನ್ನು ತಿಳಿಸುವುದುಂಟು. ಬಸುರಿಗೆ ವಾಂತಿಯಾಗುವುದು ಸಾಮಾನ್ಯವೆಂದು ಸುಮ್ಮನಿದ್ದುಬಿಟ್ಟರೆ ಅನರ್ಥವಾಗಬಹುದು.

ಪುನಃ ನಮ್ಮ ರೈತನ ಬಳಿಗೆ ಬರೋಣ. ಅವನ ರೋಗವನ್ನು ಗುರುತಿಸಲು ಬೇಕಾದ ಪ್ರಥಮ ಉಪಕರಣವು ಯಂತ್ರವಲ್ಲ, ಪ್ರಶ್ನೆ. ಗ್ರೈಮ್ಸ್ ಎಂಬ ಶಸ್ತ್ರವೈದ್ಯನು 1974ರಲ್ಲಿ ಪೆಟ್ಟಿನ ಹರ್ನಿಯಾದ ಗತಿಯನ್ನು ಮೂರು ಘಟ್ಟಗಳಾಗಿ ವಿಂಗಡಿಸಿದನು: ಪೆಟ್ಟು ಬಿದ್ದ ಹೊತ್ತಿನದು ಮೊದಲನೆಯದು, ಏನೂ ಇಲ್ಲವೆಂಬಂತೆ, ಇಲ್ಲವೆ ಅಜೀರ್ಣದ ಸೋಗಿನಲ್ಲಿ ಕಳೆಯುವ ತಿಂಗಳುಗಳು ಅಥವಾ ವರ್ಷಗಳು ಎರಡನೆಯದು, ಕರುಳು ಸಿಕ್ಕಿಕೊಂಡು ಪ್ರಾಣಾಪಾಯ ಒದಗುವುದು ಮೂರನೆಯದು. ಮೊದಲನೆಯ ಘಟ್ಟದಲ್ಲಿ ಮುರಿದ ಎಲುಬು, ಒಡೆದ ಗುಲ್ಮ, ಸುರಿಯುವ ರಕ್ತ ಇವುಗಳ ಗದ್ದಲದಲ್ಲಿ ವಪೆಯ ಬಿರುಕು ಕಣ್ತಪ್ಪುವುದು ಆಶ್ಚರ್ಯವಲ್ಲ. ಆ ದಿನ ಜಠರವು ಇನ್ನೂ ತನ್ನ ಸ್ಥಾನದಲ್ಲಿಯೇ ಇದ್ದಿರಬಹುದು, ಮತ್ತು ಕೃತಕ ಶ್ವಾಸಯಂತ್ರವು ಎದೆಯೊಳಗೆ ಗಾಳಿಯನ್ನು ಒತ್ತಿ ತುಂಬುತ್ತಿರುವವರೆಗೆ ಅದು ಮೇಲೇರುವುದೂ ಇಲ್ಲ. ಎರಡನೆಯ ಘಟ್ಟದಲ್ಲಿ ರೋಗಿ ಮರೆತಿರುತ್ತಾನೆ. ನಮ್ಮ ಕಡೆಯ ರೈತನಿಗೆ ಬಿದ್ದದ್ದು, ಎದ್ದದ್ದು, ಎತ್ತು ಹಾಯ್ದದ್ದು ಇವೆಲ್ಲ ರೋಗದ ಲೆಕ್ಕಕ್ಕೆ ಸೇರತಕ್ಕ ಸಂಗತಿಗಳೇ ಅಲ್ಲ.

"ಎದೆಗೋ ಹೊಟ್ಟೆಗೋ ಯಾವತ್ತಾದರೂ ಪೆಟ್ಟು ಬಿದ್ದಿತ್ತೇನಪ್ಪ?" ಎಂದು ಡಾಕ್ಟರು ಕೇಳಿದರೆ, "ಇಲ್ಲ ಸಾ, ಏನೂ ಆಗಿಲ್ಲ" ಎಂಬುದೇ ಉತ್ತರ. ಆಗ ಹಿಂದೆ ನಿಂತ ಹೆಂಡತಿ ಬಾಯಿ ಹಾಕುತ್ತಾಳೆ: "ಸುಳ್ಳು ಯೋಳ್ತಾವ್ರೆ ಸಾ, ಕಬ್ಬಿನ ಟ್ರ್ಯಾಕ್ಟ್ರು ಮಗುಚ್ಕಂಡು ಮೂರು ತಿಂಗ್ಳು ಮನ್ಗಿರ್ನಿಲ್ವ?" ರೋಗನಿರ್ಣಯದ ಅರ್ಧವು ಆ ಹೆಂಡತಿಯ ಒಂದು ವಾಕ್ಯದಲ್ಲಿ ಮುಗಿದಂತೆ. ಬೆಂಗಳೂರು–ಮೈಸೂರು ದಶಪಥದಲ್ಲಿ ವೇಗವಾಗಿ ಹೋಗುತ್ತಿದ್ದ ಕಾರು ಒಮ್ಮೆಗೇ ನಿಂತಾಗ, ತೆಂಗಿನ ಮರದಿಂದ ಬಿದ್ದಾಗ, ಚೂರಿಯೋ ಕೊಂಬೋ ಕೆಳಗಿನ ಪಕ್ಕೆಲುಬುಗಳ ನಡುವೆ ತಿವಿದಾಗ, ಹೊಟ್ಟೆಯ ಮೇಲೆ ಚಕ್ರ ಹಾದಾಗ, ವಪೆಯು ಹರಿದಿರಬಹುದು. ಇವುಗಳನ್ನು ಒಂದೊಂದಾಗಿ ಹೆಸರಿಸಿ ಕೇಳಬೇಕೇ ಹೊರತು ಪೆಟ್ಟು ಎಂಬ ಒಂದು ಮಾತಿನಿಂದ ಕೆಲಸ ಸಾಗದು.

ಆಮೇಲೆ ಎಕ್ಸ್-ರೇ. ದೀಪದ ಪೆಟ್ಟಿಗೆಯ ಮೇಲೆ ಅವನ ಎದೆಯ ಫಿಲ್ಮನ್ನು ಸಿಕ್ಕಿಸಿದಾಗ ಬಲಗಡೆ ಎಲ್ಲವೂ ಯಥಾಪ್ರಕಾರ: ಕಪ್ಪಾದ ಶ್ವಾಸಕೋಶ, ಅದರ ಕೆಳಗೆ ವಪೆಯ ಸ್ಪಷ್ಟವಾದ ಬಿಲ್ಲುಗೆರೆ, ಅದರ ಕೆಳಗೆ ಯಕೃತ್ತಿನ ಬಿಳಿಪು. ಎಡಗಡೆ ಆ ಬಿಲ್ಲುಗೆರೆಯೇ ಇಲ್ಲ, ಅಥವಾ ಇದ್ದರೂ ಬಹು ಮೇಲೆ, ಹೃದಯದ ನಡುಮಟ್ಟದಲ್ಲಿ ಅಸ್ಪಷ್ಟವಾಗಿದೆ. ಅಲ್ಲಿ ಒಂದು ದೊಡ್ಡ ಗಾಳಿಗುಳ್ಳೆ. ಅದರ ತಳದಲ್ಲಿ ಅಳತೆಪಟ್ಟಿಯಿಟ್ಟು ಎಳೆದಂಥ ನೇರವಾದ ದ್ರವದ ರೇಖೆ. ಹೃದಯದ ನೆರಳು ಬಲಕ್ಕೆ ತಳ್ಳಲ್ಪಟ್ಟಿದೆ. ಆ ಗಾಳಿಗುಳ್ಳೆಯು ಜಠರದ್ದು, ಆ ದ್ರವವು ಬೆಳಗ್ಗೆ ಅವನು ಕುಡಿದ ಚಹಾ ಇರಬಹುದು. ಇದನ್ನು ಅವಸರದಲ್ಲಿ ನೋಡಿದವರು ಶ್ವಾಸಕೋಶದ ಸುತ್ತ ಗಾಳಿ ತುಂಬಿದೆಯೆಂದೋ, ನೀರು ತುಂಬಿದೆಯೆಂದೋ ಓದಿಬಿಡುವುದು ಅಸಾಧ್ಯವಲ್ಲ.

ಇಲ್ಲಿಯೇ ಈ ರೋಗದ ಅತ್ಯಂತ ದಾರುಣವಾದ ಮೋಸವಿರುವುದು. ನಮ್ಮ ದೇಶದಲ್ಲಿ ಎದೆಯ ಒಂದು ಪಾರ್ಶ್ವದಲ್ಲಿ ನೀರು ಕಂಡರೆ ವೈದ್ಯನು ಕ್ಷಯವನ್ನು ಮೊದಲು ನೆನೆಯುವುದು ನ್ಯಾಯವೇ. ಅರಮನೆಯನ್ನೂ ಬಿಡದೆ ಕಾಡಿದ ಆ ರೋಗದ ಸ್ಮರಣೆಯಾಗಿ, ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗ ಆಸ್ಪತ್ರೆಯು ಮೈಸೂರಿನಲ್ಲಿ ನಿಂತಿದೆಯಷ್ಟೆ. ನೀರೆಂದು ಶಂಕಿಸಿದಾಗ ಸೂಜಿ ಚುಚ್ಚಿ ತೆಗೆದು ಪರೀಕ್ಷಿಸುವುದು ಕ್ರಮ. ಗಾಳಿಯೆಂದು ಕಂಡರೆ ಪಕ್ಕೆಲುಬುಗಳ ನಡುವೆ ಕೊಳವೆಯನ್ನಿಳಿಸುವುದು ಕ್ರಮ. ಆದರೆ ಅಲ್ಲಿರುವುದು ಜಠರವಾದರೆ ಸೂಜಿಯು ಜಠರವನ್ನು ಹೊಗುತ್ತದೆ, ದೊಡ್ಡಕರುಳಾದರೆ ಕರುಳನ್ನು. ಅದುವರೆಗೆ, ಅಂಗವು ಸ್ಥಳ ತಪ್ಪಿದ್ದರೂ, ಶುದ್ಧವಾಗಿದ್ದ ಎದೆಯೊಳಗೆ ಅನ್ನದ್ರವವೂ ಮಲವೂ ಸೇರಿದವೆಂದರೆ ಮುಂದಿನ ಕಥೆಯನ್ನು ವಿವರಿಸಬೇಕಾಗಿಲ್ಲ. ಆದುದರಿಂದ ಹಳೆಯ ಪೆಟ್ಟಿನ ಇತಿಹಾಸವುಳ್ಳವನ ಎಡ ಎದೆಗೆ ಸೂಜಿಯನ್ನೆತ್ತುವ ಮೊದಲು ಒಂದು ಗಳಿಗೆ ಕೈತಡೆದು, ಅಲ್ಟ್ರಾಸೌಂಡಿನಲ್ಲಿ ನೋಡಿಕೊಳ್ಳುವುದು ವೈದ್ಯಧರ್ಮವೆಂದೇ ನನ್ನ ಮತ. ಉಸಿರು ಸಿಕ್ಕಿ ಪ್ರಾಣ ಹೋಗುವ ಸ್ಥಿತಿಯಲ್ಲಿ ಕೊಳವೆ ಹಾಕಲೇಬೇಕಾಗಿ ಬಂದರೂ, ರಂಧ್ರದೊಳಗೆ ಮೊದಲು ಬೆರಳನ್ನಿಟ್ಟು ಒಳಗೇನಿದೆಯೆಂದು ತಡವಿ ನೋಡುವ ಪದ್ಧತಿಯು ಇದಕ್ಕಾಗಿಯೇ ಬಂದಿದೆ.

ಸಂಶಯ ನಿವಾರಣೆಗೆ ಬಹು ಸುಲಭವಾದ ಉಪಾಯವೊಂದುಂಟು. ಮೂಗಿನ ಮೂಲಕ ತೆಳುವಾದ ಕೊಳವೆಯನ್ನು ಜಠರಕ್ಕೆ ಇಳಿಸಿ ಇನ್ನೊಂದು ಎಕ್ಸ್-ರೇ ತೆಗೆಸಬೇಕು. ಹೊಟ್ಟೆಗೆ ಇಳಿಯಬೇಕಾಗಿದ್ದ ಕೊಳವೆಯು ತಿರುಗಿ ಎದೆಯೊಳಗೆ ಸುರುಳಿ ಸುತ್ತಿಕೊಂಡಿದ್ದರೆ ವ್ಯಾಜ್ಯವೇ ತೀರಿತು. ಸಿಟಿ ಸ್ಕ್ಯಾನು ಇರುವೆಡೆ ಅದು ಎಲ್ಲಕ್ಕಿಂತ ಉತ್ತಮ: ಬಿರುಕಿನ ಅಗಲ, ಮೇಲೇರಿದ ಅಂಗಗಳು, ರಕ್ತಸಂಚಾರ ನಿಂತಿದೆಯೇ ಇಲ್ಲವೇ ಎಂಬುದೆಲ್ಲ ಅದರಲ್ಲಿ ತಿಳಿಯುತ್ತದೆ, ಇಕ್ಕಟ್ಟಾದ ಬಿರುಕಿನಲ್ಲಿ ಹಾಯುವಲ್ಲಿ ಜಠರದ ನಡು ಸಣ್ಣಗಾಗಿ, ಕೊರಳಪಟ್ಟಿ ಬಿಗಿದಂತೆ ತೋರುವುದು ಪ್ರಸಿದ್ಧವಾದ ಕುರುಹು.

ಇಷ್ಟು ಹೇಳಿದ ಮೇಲೆ, ಇದೇ ಕುಲಕ್ಕೆ ಸೇರಿದರೂ ಸ್ವಭಾವದಲ್ಲಿ ತೀರ ಬೇರೆಯಾದ, ಮತ್ತು ಸಂಖ್ಯೆಯಲ್ಲಿ ಉಳಿದೆಲ್ಲವನ್ನೂ ಮೀರಿಸುವ ಇನ್ನೊಂದು ಹರ್ನಿಯಾದ ಮಾತನ್ನು ಎತ್ತದಿದ್ದರೆ ವಾಚಕರು ವೃಥಾ ಭೀತರಾದಾರು. ಅನ್ನನಾಳವು ಹಾಯುವ ದ್ವಾರವು ವಯಸ್ಸಿನಿಂದಲೋ, ಬೊಜ್ಜಿನಿಂದಲೋ, ಹೆರಿಗೆಗಳಿಂದಲೋ, ಬಹುಕಾಲದ ಕೆಮ್ಮಿನಿಂದಲೋ ಸಡಿಲವಾಗಿ, ಅನ್ನನಾಳವೂ ಜಠರವೂ ಕೂಡುವ ಭಾಗವು ಮೇಲಕ್ಕೆ ಜಾರುವುದೇ ಅದು. ಆ ದ್ವಾರದ ಹರ್ನಿಯಾಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತೈದು ಹೀಗೆ ಬರಿದೆ ಜಾರುವಂಥವು. ಪರಿಣಾಮವೆಂದರೆ ಎದೆಯುರಿ, ಹುಳಿತೇಗು, ಮಲಗಿದೊಡನೆ ಬಾಯಿಗೆ ಬರುವ ಹುಳಿನೀರು. ಮಂಡ್ಯದ ಸೀಮೆಯಲ್ಲಿ ಇದರ ಚಿಕಿತ್ಸೆಯನ್ನು ಹೇಳುವವನು ರಾಗಿಮುದ್ದೆಯ ಪ್ರಸ್ತಾಪವನ್ನು ತಪ್ಪಿಸಿಕೊಳ್ಳಲಾರನು. ಮುದ್ದೆಯನ್ನು ಬಿಡಬೇಕೆಂದು ಹೇಳಿದ ವೈದ್ಯನ ಮಾತನ್ನು ಅಲ್ಲಿ ಯಾರೂ ಕೇಳರು, ಕೇಳಬೇಕಾದ್ದೂ ಇಲ್ಲ. ತಪ್ಪು ರಾಗಿಯದಲ್ಲ, ರಾತ್ರಿ ಹತ್ತಕ್ಕೆ ಎರಡು ಮುದ್ದೆಯನ್ನು ಖಾರವಾದ ಸಾರಿನಲ್ಲಿ ಅದ್ದಿ ನುಂಗಿ, ಹತ್ತೂಕಾಲಿಗೆ ಚಾಪೆಯ ಮೇಲೆ ಮೈಚಾಚುವ ಅಭ್ಯಾಸದ್ದು. ಊಟಕ್ಕೂ ನಿದ್ರೆಗೂ ನಡುವೆ ಎರಡು ಮೂರು ಗಂಟೆಗಳ ಅಂತರವಿರಲಿ, ಮುದ್ದೆ ಎರಡಿದ್ದದ್ದು ಒಂದಾಗಲಿ, ಮಂಚದ ತಲೆಗಡೆಯ ಕಾಲುಗಳ ಕೆಳಗೆ ಆರೇಳು ಅಂಗುಲದ ಇಟ್ಟಿಗೆಗಳಿರಲಿ, ಬೀಡಿಯೂ ಹೆಂಡವೂ ದೂರವಿರಲಿ. ಇದಕ್ಕೆ ಜಗ್ಗದಿದ್ದರೆ ಒಮೆಪ್ರಜೋಲ್ ಮೊದಲಾದ ಆಮ್ಲಶಾಮಕ ಗುಳಿಗೆಗಳನ್ನು ವೈದ್ಯರ ಸಲಹೆಯಂತೆ, ಊಟಕ್ಕೆ ಅರ್ಧ ಗಂಟೆ ಮುಂಚೆ ಸೇವಿಸತಕ್ಕದ್ದು. ಬಹುಮಂದಿಗೆ ಇಷ್ಟೇ ಸಾಕು.

ಸಾಲದವರೂ ಉಂಟು. ಗುಳಿಗೆಗೆ ಮಣಿಯದ ಹುಳಿನೀರು, ಅನ್ನ ಎದೆಯಲ್ಲೇ ನಿಲ್ಲುವುದು, ಕಾರಣ ತಿಳಿಯದೆ ಇಳಿಯುವ ತೂಕ, ಕಪ್ಪಾದ ಮಲ, ರಕ್ತಹೀನತೆ, ಇವು ಕಂಡರೆ ಎಂಡೋಸ್ಕೋಪಿ ಮಾಡಿಸಬೇಕು. ಮೇಲೇರಿದ ಜಠರದ ಮಡಿಕೆಗಳು ವಪೆಯ ಅಂಚಿಗೆ ಉಜ್ಜಿ ಹುಣ್ಣಾಗಿ, ವರ್ಷಗಟ್ಟಲೆ ರಕ್ತ ಜಿನುಗಿ, ಹೆಂಗಸೊಬ್ಬಳು ಕಬ್ಬಿಣದ ಗುಳಿಗೆ ನುಂಗುತ್ತಲೇ ಇದ್ದರೂ ಬಿಳಿಚಿಕೊಂಡೇ ಇರುವ ಸಂದರ್ಭಗಳಿವೆ. ಜಠರದ ಮೇಲ್ಭಾಗವನ್ನು ಅನ್ನನಾಳದ ಬುಡಕ್ಕೆ ಸುತ್ತಿ ಹೊಲಿದು ಕವಾಟದಂತೆ ಮಾಡುವ ಶಸ್ತ್ರಕ್ರಿಯೆಯನ್ನು ರುಡಾಲ್ಫ್ ನಿಸ್ಸೆನ್ನನು 1955ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಮಾಡಿ ತೋರಿಸಿದನು. ಈಗ ಅದನ್ನು ಲ್ಯಾಪರೋಸ್ಕೋಪಿನಿಂದ, ಸಣ್ಣ ರಂಧ್ರಗಳ ಮೂಲಕವೇ ಮಾಡುತ್ತಾರೆ. ಜಠರವು ಅನ್ನನಾಳದ ಪಕ್ಕದಲ್ಲಿ ಉರುಳಿಕೊಂಡು ಮೇಲೇರುವ ಬಗೆಯು ಹೆಚ್ಚು ಕುಟಿಲವಾದುದು; ಆದರೂ ಯಾವ ತೊಂದರೆಯೂ ಇಲ್ಲದ ಇಂಥವರಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು ಒಬ್ಬರಿಗೆ ಮಾತ್ರ ತುರ್ತುಚಿಕಿತ್ಸೆ ಬೇಕಾದೀತೆಂದು 2002ರಲ್ಲಿ ಪ್ರಕಟವಾದ ಒಂದು ಗಣನೆಯು ತೋರಿಸಿದ ಮೇಲೆ, ಕಂಡಕೂಡಲೆ ಕೊಯ್ಯುವ ಆತುರ ತಗ್ಗಿದೆ.

ಪೆಟ್ಟಿನಿಂದಾದ ಬಿರುಕಿಗೆ ಈ ಸಾವಧಾನ ಸಲ್ಲದು. ಅದರ ಅಂಚು ಒರಟು, ಅದರ ಸುತ್ತ ರಕ್ಷಣೆಯ ಚೀಲವಿಲ್ಲ, ಅದರಲ್ಲಿ ಕರುಳು ಎಂದು ಸಿಕ್ಕಿಕೊಂಡೀತೆಂದು ಹೇಳುವಂತಿಲ್ಲ. ಆದುದರಿಂದ ರೋಗಿಯ ದೇಹಸ್ಥಿತಿಯು ತಡೆಯುವಂತಿದ್ದರೆ, ಕಂಡುಬಂದಾಗಲೇ ಹೊಲಿಯಿಸಿಬಿಡಬೇಕೆಂಬುದರಲ್ಲಿ ಶಸ್ತ್ರವೈದ್ಯರಲ್ಲಿ ಭಿನ್ನಾಭಿಪ್ರಾಯವಿಲ್ಲ. ಕ್ರಿಯೆಯ ತತ್ತ್ವವು ಸರಳ: ಮೇಲೇರಿದ ಅಂಗಗಳನ್ನು ಮೃದುವಾಗಿ ಕೆಳಗೆ ಎಳೆದು, ಅವು ಜೀವಂತವಾಗಿವೆಯೇ ಎಂದು ಬಣ್ಣ ನೋಡಿ ತಿಳಿದು, ಕೊಳೆತದ್ದಿದ್ದರೆ ಕತ್ತರಿಸಿ, ಬಿರುಕಿನ ಅಂಚುಗಳನ್ನು ಕರಗದ ದಾರದಿಂದ ಗಟ್ಟಿಯಾಗಿ ಹೊಲಿಯುವುದು, ಅಂಚುಗಳು ಕೂಡದಷ್ಟು ಅಗಲವಾಗಿದ್ದರೆ ಜಾಲರಿಯ ತೇಪೆ ಹಾಕುವುದು. ಕಷ್ಟವಿರುವುದು ತತ್ತ್ವದಲ್ಲಲ್ಲ. ಪೆಟ್ಟು ಹೊಸದಾಗಿದ್ದರೆ ಹೊಟ್ಟೆಯ ಕಡೆಯಿಂದಲೇ ಹೋಗುತ್ತಾರೆ, ಏಕೆಂದರೆ ಉದರದ ಇತರ ಅಂಗಗಳಿಗೂ ಗಾಯವಾಗಿರಬಹುದು. ವರ್ಷಗಳು ಕಳೆದಿದ್ದರೆ ಜಠರವು ಶ್ವಾಸಕೋಶದ ಪೊರೆಗೆ ಅಂಟಿಕೊಂಡಿರುವುದರಿಂದ ಎದೆಯ ಕಡೆಯಿಂದಲೂ ಬಿಡಿಸಬೇಕಾಗಬಹುದು. ಅರಿವಳಿಕೆಯ ವೈದ್ಯನ ಹೊಣೆಯೂ ಇಲ್ಲಿ ಸಣ್ಣದಲ್ಲ: ಮುಖವಾಡದಿಂದ ಗಾಳಿಯೊತ್ತಿದರೆ ಅದು ಎದೆಯಲ್ಲಿರುವ ಜಠರವನ್ನೇ ಉಬ್ಬಿಸಿ ಹೃದಯವನ್ನು ಅಮುಕಬಲ್ಲುದು. ಕುಗ್ಗಿದ್ದ ಶ್ವಾಸಕೋಶವು ಮತ್ತೆ ಹಿಗ್ಗುವವರೆಗೆ ಎದೆಯಲ್ಲಿ ಕೊಳವೆಯಿರುತ್ತದೆ; ಉಸಿರಿನ ವ್ಯಾಯಾಮಗಳನ್ನು ರೋಗಿ ಬೇಸರಿಸದೆ ಮಾಡಬೇಕು; ಭಾರ ಎತ್ತುವ ಕೆಲಸಕ್ಕೆ ಕೆಲವು ತಿಂಗಳು ಕೈಹಾಕಬಾರದು.

ಗೋವಿಂದನಹಳ್ಳಿಯವರಿಗೆ ಇವೆಲ್ಲ ಎಟುಕದ ಮಾತುಗಳಲ್ಲ. ಕೃಷ್ಣರಾಜಪೇಟೆಯ ತಾಲ್ಲೂಕು ಆಸ್ಪತ್ರೆಯಿಂದಾಚೆಗೆ ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ, ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಳಿ ಆದಿಚುಂಚನಗಿರಿ ವೈದ್ಯಕೀಯ ಸಂಸ್ಥೆಯೂ, ಮೈಸೂರಿನಲ್ಲಿ ವೈದ್ಯಕೀಯ ಕಾಲೇಜಿಗೆ ಸೇರಿದ ಕೃಷ್ಣರಾಜೇಂದ್ರ ಆಸ್ಪತ್ರೆಯೂ ಇವೆ, ಬಿ.ಪಿ.ಎಲ್. ಕಾರ್ಡಿರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಯ ಸೌಲಭ್ಯವುಂಟು. ತಡವಾಗುವುದು ದಾರಿಯಿಂದಲ್ಲ, ಗ್ಯಾಸ್ಟ್ರಿಕ್ ಎಂಬ ಒಂದು ಮಾತಿನಿಂದ. ಮೇಲುಹೊಟ್ಟೆಯಲ್ಲಿ ಸಹಿಸಲಾಗದ ನೋವು, ಓಕರಿಸಿದರೂ ಏನೂ ಹೊರಬಾರದಿರುವುದು, ಮೂಗಿನ ಕೊಳವೆಯು ಜಠರಕ್ಕೆ ಇಳಿಯದಿರುವುದು, ಈ ಮೂರು ಕೂಡಿದರೆ ಜಠರವು ತಿರುಚಿಕೊಂಡಿದೆಯೆಂದು ಬೋರ್ಖಾರ್ಟ್ ಎಂಬ ಶಸ್ತ್ರವೈದ್ಯನು 1904ರಲ್ಲಿಯೇ ಹೇಳಿದ್ದಾನೆ. ಮೊದಲೆರಡನ್ನು ಮನೆಯವರೇ ಕಾಣಬಲ್ಲರು. ಅವುಗಳ ಜೊತೆಗೆ ಉಸಿರೂ ಕಟ್ಟುತ್ತಿದ್ದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಫೋನು ಮಾಡತಕ್ಕದ್ದು. ರಕ್ತ ನಿಂತ ಕರುಳು ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಎದೆನೋವೆಂದರೆ ಹೃದಯಾಘಾತವೂ ಇರಬಹುದಾದ್ದರಿಂದ ಇ.ಸಿ.ಜಿ.ಯನ್ನು ಮೊದಲು ಮಾಡುವುದು ಸರಿಯೇ, ಇ.ಸಿ.ಜಿ. ಸರಿಯಿದೆಯೆಂದು ಮನೆಗೆ ಕಳುಹಿಸಿಬಿಡುವುದು ಮಾತ್ರ ಸರಿಯಲ್ಲ.

ಹಿಂದೊಮ್ಮೆ ಎದೆಗಾಗಲಿ ಹೊಟ್ಟೆಗಾಗಲಿ ಬಲವಾದ ಪೆಟ್ಟು ತಿಂದವರು ಆ ಕಾಲದ ಎಕ್ಸ್-ರೇ ಫಿಲ್ಮನ್ನೂ ಡಿಸ್ಚಾರ್ಜ್ ಚೀಟಿಯನ್ನೂ ಎಸೆಯದೆ, ಪಹಣಿ ಪತ್ರಗಳ ಜೊತೆಯಲ್ಲಿ ಜೋಪಾನವಾಗಿಟ್ಟುಕೊಳ್ಳಬೇಕೆಂದೂ, ಉಸಿರಿಗೋ ಹೊಟ್ಟೆಗೋ ಸಂಬಂಧಿಸಿದ ಯಾವ ಕಾಯಿಲೆಗಾಗಿ ವೈದ್ಯರ ಬಳಿಗೆ ಹೋದರೂ, ಅವರು ಕೇಳದಿದ್ದರೂ, ಆ ಪೆಟ್ಟಿನ ಸಂಗತಿಯನ್ನು ತಾವಾಗಿ ಮೊದಲು ತಿಳಿಸಬೇಕೆಂದೂ ಈ ಅಧ್ಯಾಯವನ್ನು ಓದಿದವರಲ್ಲಿ ನನ್ನ ಪ್ರಾರ್ಥನೆ.